ಪಿನ್ನಿನ ಹಿಡಿತ ನೋಡುತ್ತಿದ್ದ ಗೇಜಕ್ಕ

ಹೋದ ತಿಂಗಳು ಒಂದು ಬೆಳಿಗ್ಗೆ ಹಾರೋಹಳ್ಳಿಯಿಂದ ಫೋನ್ ಬಂತು. ಮಾಡಿದವನು ಹಿಂದೆ ನಮ್ಮ ಕಂಪನಿಯ ಪ್ಲೇಟಿಂಗ್ ಸೆಕ್ಷನ್‌ನಲ್ಲಿದ್ದವನು. ಅವನೊಡನೆ ಮಾತಾಡಿ ಎಷ್ಟೋ ವರ್ಷವಾಗಿತ್ತು. "ಸಾರ್, ಗೇಜಕ್ಕ ಹೋಗ್ಬುಟ್ರು. ನಾಳೆ ತಿಥಿ. ನಿಮ್ಗೆ ಹೇಳ್ಬೇಕೋ ಬ್ಯಾಡ್ವೋ ಅಂತ ಒಸಿ ಯೋಚ್ನೆ ಮಾಡ್ದೆ" ಅಂದ. ಯಾಕೆ ಯೋಚನೆ ಮಾಡಿದೆ ಎಂದು ನಾನು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದ.

ಗೇಜಕ್ಕ ಎನ್ನುವುದು ಅವರ ಹೆಸರಲ್ಲ. ಹೆಸರು ಹಾಜರಿ ಪುಸ್ತಕದಲ್ಲಿತ್ತು. ಆ ಹೆಸರಿನಿಂದ ಅವರನ್ನು ಕರೆದವರನ್ನು ನಾನು ಕಂಡಿಲ್ಲ. ನಾನೂ ಇಲ್ಲಿ ಅದನ್ನು ಬರೆಯುವುದಿಲ್ಲ. ಬರೆಯುವ ಯೋಗ್ಯತೆ ನನಗಿಲ್ಲ.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಹಾರೋಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ರಾಗಿ ಹೊಲದ ಪಕ್ಕ ಒಂದು ಶೆಡ್ಡು, ಶೆಡ್ಡಿನ ಪಕ್ಕ ಮತ್ತೆ ರಾಗಿ ಹೊಲ. ಊರೂರಿಗೂ ಮೊಬೈಲ್ ಟವರ್ ಏಳುತ್ತಿದ್ದವು. ಟವರಿನ ಮೇಲಿರುವ ಆಂಟೆನಾದಿಂದ ಕೆಳಗಿನ ಪೆಟ್ಟಿಗೆಯವರೆಗೆ ಕಪ್ಪು ಕೇಬಲ್ ಇಳಿದಿರುತ್ತದಲ್ಲ, ಅದರ ಎರಡೂ ತುದಿಗೆ ಹಾಕುವ ಕನೆಕ್ಟರ್ ತಯಾರಿಸುವುದು ನಮ್ಮ ಕಂಪನಿಯ ಕೆಲಸ. ಮನೆಯ ಟಿವಿ ಹಿಂದೆ ಕೇಬಲ್ ಪಿನ್ ನೋಡಿರುತ್ತೀರಿ. ಅದರ ದೊಡ್ಡಣ್ಣ ಅಂದುಕೊಳ್ಳಿ. ಹೊರಗೆ ಹಿತ್ತಾಳೆಯ ಮೈ, ಒಳಗೆ ಬಿಳಿ ಟೆಫ್ಲಾನ್ ಬಿಲ್ಲೆ, ಅದರ ನಟ್ಟನಡುವೆ ಒಂದು ಪಿನ್ನು. ಗಂಡು ಕನೆಕ್ಟರಿನಲ್ಲಿ ಅದು ದಪ್ಪ ಸೂಜಿಯ ಹಾಗಿರುತ್ತದೆ. ಹೆಣ್ಣು ಕನೆಕ್ಟರಿನಲ್ಲಿ ಪುಟ್ಟ ಕೊಳವೆ. ಅದರ ತುದಿಯನ್ನು ನಾಲ್ಕಾಗಿ ಸೀಳಿರುತ್ತಾರೆ. ಗಂಡು ಒಳಗೆ ಹೋದಾಗ ಆ ನಾಲ್ಕು ಎಸಳು ಬಿಗಿಯಾಗಿ ಹಿಡಿದುಕೊಳ್ಳಬೇಕು. ಹಿಡಿತ ಸಡಿಲವಾದರೆ ಪಿನ್ನು ಬಿಸಿಯಾಗುತ್ತದೆ, ಸಿಗ್ನಲ್ ಒಡೆಯುತ್ತದೆ, ಇಷ್ಟು ಸಣ್ಣ ಸಾಮಾನಿಗಾಗಿ ಒಬ್ಬ ಮನುಷ್ಯ ನೂರಾರು ಅಡಿ ಟವರ್ ಹತ್ತಬೇಕಾಗುತ್ತದೆ.

ಆ ಹಿಡಿತವನ್ನು ನೋಡುವುದು ಇನ್ಸ್‌ಪೆಕ್ಷನ್ ಟೇಬಲ್ಲಿನ ಹಿರಿಯರಾಗಿದ್ದ ಗೇಜಕ್ಕನ ಕೆಲಸ. ಅದಕ್ಕೊಂದು ಗೇಜು ಇತ್ತು. ಉಕ್ಕಿನ ಸಣ್ಣ ಕಡ್ಡಿ, ಅದರ ಕೆಳಗೆ ಒಂದು ಗುಂಡು ತೂಕ. ಕಡ್ಡಿಯನ್ನು ಹೆಣ್ಣು ಪಿನ್ನಿನೊಳಗೆ ಬಿಟ್ಟು ಕನೆಕ್ಟರನ್ನು ತಲೆಕೆಳಗು ಮಾಡಿ ಹಿಡಿದರೆ ತೂಕ ನೇತಾಡಬೇಕು, ಬೀಳಬಾರದು. ಬಿದ್ದರೆ ರಿಜೆಕ್ಟ್. ಅವರು ಆ ಗೇಜನ್ನು ಕರಿದಾರಕ್ಕೆ ಕಟ್ಟಿ ತಾಳಿಯ ಜೊತೆಗೇ ಕೊರಳಿಗೆ ಹಾಕಿಕೊಳ್ಳುತ್ತಿದ್ದರು. ಅದಕ್ಕೇ ಗೇಜಕ್ಕ.

"ಗಂಡು ಎಷ್ಟೇ ಚಿನ್ನದ ನೀರು ಕುಡ್ದಿರ್ಲಿ, ಹೆಣ್ಣು ಹಿಡ್ಕಳದೆ ಹೋದ್ರೆ ಕರೆಂಟು ಪಾಸಾಗಕ್ಕಿಲ್ಲ ಕಣ್ರೇ" ಎಂದು ಹೊಸದಾಗಿ ಸೇರಿದ ಹುಡುಗಿಯರಿಗೆ ಹೇಳುತ್ತಿದ್ದರು. ಹುಡುಗಿಯರು ಮುಖ ಮುಚ್ಚಿಕೊಂಡು ನಗುತ್ತಿದ್ದರು. ಗೇಜಕ್ಕ ನಗುತ್ತಿರಲಿಲ್ಲ. ಇನ್ನೊಂದು ಕನೆಕ್ಟರಿಗೆ ಕೈ ಹಾಕುತ್ತಿದ್ದರು.

ಅವರ ಬಗ್ಗೆ ಬರೆಯುವಾಗ ಒಳ್ಳೆಯವರು ಎಂದು ಶುರು ಮಾಡಿದರೆ ಸುಳ್ಳಾಗುತ್ತದೆ. ಬಾಯಿ ಬಲು ಕೆಟ್ಟದು. ಕೆಲಸ ಸರಿಯಿಲ್ಲದಿದ್ದರೆ ಟ್ರೇಯನ್ನೇ ಮೇಜಿನ ಮೇಲೆ ಬೋರಲು ಹಾಕಿ, "ಇದ್ನ ನಿಮ್ಮತ್ತೆ ಮನೆ ಪಾತ್ರೆ ತೊಳ್ದಂಗೆ ತೊಳ್ದಿದ್ದೀಯಲ್ಲವ್ವ" ಅನ್ನುತ್ತಿದ್ದರು. ಒಮ್ಮೆ ಮಾಗಡಿ ಕಡೆಯ ಒಬ್ಬ ಹುಡುಗಿ ಅಳುತ್ತಾ ನಿಂತಿದ್ದಳು. ನಾನು ಅಲ್ಲೇ ಇದ್ದೆ. "ಯಾಕಕ್ಕ ಇಷ್ಟು ಬೈತೀರಿ?" ಎಂದೆ. "ನಾನು ರಾಮನಗರದಲ್ಲಿ ರೇಷ್ಮೆ ಬಿಚ್ಚೋವಾಗ ಎಳೆ ಕಡಿದ್ರೆ ಯಜಮಾನ ಕೈ ಹಿಡ್ದು ಬಿಸ್ನೀರಿಗೆ ಅದ್ದೋನು. ನಂದು ಬಾಯಿ ಬಿಸಿ ಅಷ್ಟೇ. ಬೇಯ್ಸಕ್ಕಿಲ್ಲ" ಅಂದರು.

ಲಂಗ ಹಾಕುವ ವಯಸ್ಸಿನಿಂದ ಅವರು ರಾಮನಗರದ ಫಿಲೇಚರ್, ಅಂದರೆ ರೇಷ್ಮೆ ನೂಲು ತೆಗೆಯುವ ಕಾರ್ಖಾನೆ ಒಂದರಲ್ಲಿದ್ದವರು. ಕುದಿಯುವ ನೀರಿನಲ್ಲಿ ತೇಲುವ ಗೂಡುಗಳ ನಡುವೆ ಬೆರಳಾಡಿಸಿ, ಕಣ್ಣಿಗೆ ಕಾಣದ ಎಳೆಯ ತುದಿಯನ್ನು ಹುಡುಕಿ ಎತ್ತುವ ಕೆಲಸ. ಹತ್ತು ಹನ್ನೆರಡು ವರ್ಷ ಅದನ್ನು ಮಾಡಿ ಬೆರಳ ತುದಿಯ ಚರ್ಮ ಬೆಂದು, ಸುಲಿದು, ಮತ್ತೆ ಬೆಳೆದು ನುಣ್ಣಗಾಗಿತ್ತು. ಮದುವೆಯಾಗಿ ಹಾರೋಹಳ್ಳಿ ಹತ್ತಿರದ ಹಳ್ಳಿಗೆ ಬಂದರು. ಗಂಡನಿಗೆ ಒಂದಿಷ್ಟು ಹೊಲ, ಒಂದಿಷ್ಟು ಕುರಿ. ಪಕ್ಕದಲ್ಲೇ ಕಂಪನಿ ಶುರುವಾದಾಗ ಕಸ ಗುಡಿಸುವ ಕೆಲಸಕ್ಕೆ ಸೇರಿದರಂತೆ. ಗುಡಿಸುವಾಗ ಕೆಳಗೆ ಬಿದ್ದಿದ್ದ ಪಿನ್ನುಗಳನ್ನು ಎತ್ತಿ, ಬೆರಳಿಂದ ಸವರಿ, ಒಳ್ಳೆಯದು ಒಂದು ಕಡೆ ಕೆಟ್ಟದ್ದು ಒಂದು ಕಡೆ ಮಾಡಿಟ್ಟಿದ್ದರಂತೆ. ಯಾರೋ ಒಬ್ಬ ಪುಣ್ಯಾತ್ಮ ಅದನ್ನು ಗೇಜಿನಲ್ಲಿ ಹಾಕಿ ನೋಡಿದ. ಒಂದೂ ತಪ್ಪಿರಲಿಲ್ಲ. ಹಾಗೆ ಪೊರಕೆ ಬಿಟ್ಟು ಮೇಜಿಗೆ ಬಂದವರು.

ನಾನು ಅಕ್ಕೂರಿನವನು. ನಮ್ಮ ಮನೆಯಲ್ಲೂ ಹಿಪ್ಪುನೇರಳೆ, ರೇಷ್ಮೆ ಹುಳು. ಅಪ್ಪ ಗೂಡನ್ನು ರಾಮನಗರದ ಮಾರುಕಟ್ಟೆಗೆ ಹಾಕುತ್ತಿದ್ದರು. ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಆ ಕಂಪನಿಗೆ ಕ್ವಾಲಿಟಿ ವಿಭಾಗಕ್ಕೆ ಸೇರಿದ ಮೊದಲ ದಿನ, ಇಪ್ಪತ್ತು ಹುಡುಗಿಯರ ಎದುರು ಎರಡು ಕನೆಕ್ಟರ್ ತೆಗೆದುಕೊಂಡು ಒಂದಕ್ಕೊಂದು ತಿರುಗಿಸಿ ಜೋಡಿಸಲು ಹೋದೆ. ಟಪ್ ಎಂದು ಕೈ ಮೇಲೆ ಏಟು ಬಿತ್ತು.

"ಏಯ್ ಡಿಪ್ಲೊಮಾ! ಕತ್ತಿನ ನಟ್ ತಿರುಗ್ಸಪ್ಪ, ಮೈ ತಿರುಗ್ಸಬ್ಯಾಡ. ಮೈ ತಿರುಗಿದ್ರೆ ಒಳಗೆ ಪಿನ್ನು ಅರೆದೋಯ್ತದೆ. ಮೂರು ವರ್ಸ ಇದ್ನೂ ಹೇಳ್ಕೊಡ್ನಿಲ್ವಾ?"

ಅವರು ಹೇಳಿದ್ದು ಸರಿ. ಮೂರು ವರ್ಷದಲ್ಲಿ ನಮಗೆ ಯಾರೂ ಅದನ್ನು ಹೇಳಿಕೊಟ್ಟಿರಲಿಲ್ಲ. ಹುಡುಗಿಯರು ನಕ್ಕರು. ಆಮೇಲೆ ನಾನು ಕಂಪನಿಯಲ್ಲಿ 'ಡಿಪ್ಲೊಮಾ' ಆದೆ. ನನ್ನ ಸಹಿಯಿಲ್ಲದೆ ಅವರು ಪಾಸು ಮಾಡಿದ ಮಾಲಿನ ಒಂದು ಲಾಟೂ ಹೊರಗೆ ಹೋಗುವಂತಿರಲಿಲ್ಲ, ಆದರೆ ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿತ್ತು, ನಾನು ಸಹಿ ಹಾಕುವವನು, ಅವರು ನೋಡುವವರು. ಇಪ್ಪತ್ತೆರಡು ವರ್ಷದವನಿಗೆ ಇದು ಎಲ್ಲಿ ಚುಚ್ಚಬೇಕೋ ಅಲ್ಲಿ ಚುಚ್ಚುತ್ತದೆ.

ಒಮ್ಮೊಮ್ಮೆ ಮೆತ್ತಗಾಗುತ್ತಿದ್ದರು. ನಾನು ಅಕ್ಕೂರಿನವನು ಎಂದು ಗೊತ್ತಾದ ದಿನ ಎರಡೂ ಕೈ ಬಿಚ್ಚಿ ನನ್ನ ಮುಖದ ಮುಂದೆ ಹಿಡಿದು, "ನಿಮ್ಮೂರ ಗೂಡು ಬಿಚ್ಚಿದ ಬೆರಳು ಕಣ್ಲಾ ಇವು. ನಿಮ್ಮಪ್ಪ ಬೆಳ್ದಿದ್ದು ಎಷ್ಟು ಎಳೆ ನನ್ ಕೈಯಾಗೆ ಹಾದೋಗೈತೋ" ಅಂದಿದ್ದರು. ಕಂಪನಿಯವರು ವರ್ಷಕ್ಕೊಮ್ಮೆ ಟೂರ್ ಕರೆದುಕೊಂಡು ಹೋಗುತ್ತಿದ್ದರು; ಒಂದು ಸಲ ಸಾವನದುರ್ಗಕ್ಕೆ ಹೋಗಿದ್ದೆವು. ಹುಡುಗರೆಲ್ಲ ಬಂಡೆ ಹತ್ತಲು ಹೋದರು. ಅವರು ದೇವಸ್ಥಾನದಲ್ಲಿ ಕೈ ಮುಗಿದು ಬಂದು ವ್ಯಾನಿನ ನೆರಳಲ್ಲಿ ಕೂತಿದ್ದರು. ವಾಪಸು ಬರುವಾಗ ಮಾಗಡಿಯಲ್ಲಿ ಟೀಗೆ ನಿಲ್ಲಿಸಿದೆವು. ರಸ್ತೆ ಪಕ್ಕ ಟವರ್ ಇತ್ತು.

"ಇದ್ರಾಗೆ ನಮ್ದು ಎಲ್ಲೈತಪ್ಪ?" ಎಂದು ಕೇಳಿದರು. ಐದಾರು ವರ್ಷದಿಂದ ಕನೆಕ್ಟರ್ ನೋಡುತ್ತಿದ್ದವರು ಅದು ಎಲ್ಲಿ ಕೂರುತ್ತದೆ ಎಂದು ನೋಡಿರಲಿಲ್ಲ. ಯಾರೂ ತೋರಿಸಿರಲಿಲ್ಲ. ನಾನು ಬೆರಳು ಮಾಡಿ ತೋರಿಸಿದೆ. ಮೇಲೆ, ಆಂಟೆನಾದ ಬುಡದಲ್ಲಿ. ಕೆಳಗೆ, ಪೆಟ್ಟಿಗೆಯ ಹಿಂದೆ. ತಲೆ ಮೇಲೆತ್ತಿ ಬಹಳ ಹೊತ್ತು ನೋಡಿದರು. "ಹಂಗಾರೆ ಯಾರೋ ಒಬ್ಳು ಅವ್ವಂಗೆ ಫೋನ್ ಮಾಡಿ ಅತ್ರೆ, ಆ ಅಳು ನಮ್ ಪಿನ್ನ ಮ್ಯಾಲೇ ಹಾದೋಗ್ಬೇಕು ಅನ್ನು" ಅಂದರು. ಟೀ ಆರಿತ್ತು. ಅದನ್ನೇ ಕುಡಿದರು.

ಕಂಪನಿಗೆ ಬೆರಳೊತ್ತಿ ಹಾಜರಿ ಹಾಕುವ ಮಿಷನ್ ಬಂತು. ಎಲ್ಲರ ಬೆರಳನ್ನೂ ಅದು ತೆಗೆದುಕೊಂಡಿತು, ಗೇಜಕ್ಕನದನ್ನು ಬಿಟ್ಟು. ಹತ್ತೂ ಬೆರಳು ಒತ್ತಿಸಿದರು. ಕೆಂಪು ದೀಪವೇ ಹತ್ತುತ್ತಿತ್ತು. ಬಿಸಿನೀರು ಗೆರೆಗಳನ್ನು ತಿಂದು ಎಷ್ಟೋ ಕಾಲವಾಗಿತ್ತು. ಪ್ರೊಡಕ್ಷನ್ ಮ್ಯಾನೇಜರ್, ಅಂದರೆ ಮಾಲೀಕರ ಬಾಮೈದ, "ಏನಮ್ಮ, ನಿಂಗೆ ಗುರುತೇ ಇಲ್ವಲ್ಲ" ಎಂದು ನಕ್ಕರು. ಅವರು ಸೆರಗಿನ ಗಂಟು ಬಿಚ್ಚಿ ತಮ್ಮ ರಬ್ಬರ್ ಸೀಲನ್ನು ತೆಗೆದು ತೋರಿಸಿದರು. ಇನ್ಸ್‌ಪೆಕ್ಟರುಗಳಿಗೆಲ್ಲ ಒಂದೊಂದು ನಂಬರಿನ ಸೀಲು ಕೊಟ್ಟಿದ್ದರು. ಪಾಸಾದ ಲಾಟಿನ ಕಾರ್ಡಿಗೆ ಅದನ್ನು ಒತ್ತಬೇಕು. ಅವರದು ಏಳನೇ ನಂಬರು. "ಇದೈತಲ್ಲ ಸಾರ್ ನನ್ ಗುರ್ತು" ಅಂದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವರು. ಸಹಿ ಮಾಡಲು ಬೆವರುತ್ತಿದ್ದರು. ಸೀಲು ಒತ್ತುವಾಗ ಮಾತ್ರ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದರು.

ಈಗ ಹೇಳಬೇಕಾದದ್ದನ್ನು ಹೇಳುತ್ತೇನೆ.

ಹೆಣ್ಣು ಪಿನ್ನನ್ನು ಬೆರಿಲಿಯಂ ಕಾಪರ್ ಎನ್ನುವ ಲೋಹದಲ್ಲಿ ಮಾಡಬೇಕು. ಅದು ಸ್ಪ್ರಿಂಗಿನ ಗುಣವಿರುವ ತಾಮ್ರ. ಎಷ್ಟು ಸಲ ಬಿಚ್ಚಿ ಹಾಕಿದರೂ ಎಸಳು ತನ್ನ ಜಾಗಕ್ಕೆ ಮರಳುತ್ತದೆ. ಒಂದು ಸಲ ಅದರ ಸರಬರಾಜು ನಿಂತಿತು. ಅತ್ತ ಗಿರಾಕಿ ಕಂಪನಿಯವರು ಮಾಲು ಬೇಕೆಂದು ಪ್ರಾಣ ತಿನ್ನುತ್ತಿದ್ದರು. ಮ್ಯಾನೇಜರ್ ಸದ್ದಿಲ್ಲದೆ ಸಾದಾ ಹಿತ್ತಾಳೆಯಲ್ಲಿ ಪಿನ್ನು ಮಾಡಿಸಿ ಮೇಲೆ ಬೆಳ್ಳಿ ಪ್ಲೇಟಿಂಗ್ ಹಾಕಿಸಿದರು. ಕಣ್ಣಿಗೆ ಎರಡೂ ಒಂದೇ. ಗೇಜು ಹಾಕಿದರೂ ಮೊದಲ ಸಲ ಹಿಡಿಯುತ್ತದೆ.

ಗೇಜಕ್ಕ ಒಂದನ್ನು ಎತ್ತಿ ಗೇಜು ಹಾಕಿದರು. ಹಿಡಿಯಿತು. ಪಕ್ಕಕ್ಕಿಡಲು ಹೋದವರು ಇಡಲಿಲ್ಲ. ಬೆರಳಿನಲ್ಲಿ ಒಂದು ಸಲ ಸವರಿ ಮತ್ತೆ ಹಾಕಿದರು, ತೆಗೆದರು, ಹಾಕಿದರು. ಎಂಟನೆಯದೋ ಒಂಬತ್ತನೆಯದೋ ಸಲಕ್ಕೆ ತೂಕ ಜಾರಿ ಮೇಜಿನ ಮೇಲೆ ಬಿತ್ತು. ಇನ್ನೊಂದು ತೆಗೆದುಕೊಂಡರು. ಅದೂ ಹಾಗೆಯೇ. ಅವತ್ತು ಮಧ್ಯಾಹ್ನದೊಳಗೆ ಇಡೀ ಲಾಟಿಗೆ ಕೆಂಪು ಚೀಟಿ ಅಂಟಿಸಿದ್ದರು.

ಮ್ಯಾನೇಜರ್ ಬಂದರು. "ಏನಮ್ಮ ಇದು? ಗೇಜ್ ಹಿಡೀತಿದೆಯಲ್ಲ?"

"ಮೊದ್ಲು ಹಿಡೀತದೆ ಸಾರ್. ಆಮೇಕೆ ಬುಟ್ಬುಡ್ತದೆ. ಇದು ನಮ್ ಲೋಹ ಅಲ್ಲ."

"ಮೂರನೇ ಕ್ಲಾಸ್ ಓದಿ ಲೋಹದ ವಿಷಯ ನಂಗೆ ಹೇಳ್ತೀಯಾ?"

"ಓದಿಲ್ಲ ಸಾರ್. ಕೈಗೆ ಗೊತ್ತಾಯ್ತದೆ. ಟವರ್ ಮ್ಯಾಲೆ ಹತ್ತೋನು ಒಂದೇ ಸಲ ಹಾಕ್ತಾನಾ? ಬಿಚ್ತಾನೆ, ಹಾಕ್ತಾನೆ. ಆಮೇಕೆ ಗಾಳಿಗೆ ಅಳ್ಳಾಡ್ತದೆ. ನಾನು ಸೀಲ್ ಹಾಕಕ್ಕಿಲ್ಲ."

ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ಟ್ರೇ ನೋಡಿದೆ. ಅವರು ಹೊರಟುಹೋದರು.

ಅದಾದ ಎರಡು ದಿನಕ್ಕೆ ಗೇಜಕ್ಕನ ಮಗಳು ದೊಡ್ಡವಳಾದಳು. ಒಸಗೆ ಮಾಡಬೇಕು ಎಂದು ಒಂದು ವಾರ ರಜ ಹಾಕಿದರು. ರಜಕ್ಕೆ ಹೋಗುವಾಗ ಸೀಲನ್ನು ಕ್ವಾಲಿಟಿಯವರಿಗೆ ಒಪ್ಪಿಸಿ ಹೋಗಬೇಕೆಂಬುದು ನಿಯಮ. ನನ್ನ ಕೈಗೆ ಕೊಟ್ಟರು. "ಜ್ವಾಪಾನ ಕಣಪ್ಪ. ಇದು ನನ್ ನಾಲ್ಗೆ" ಅಂದರು.

ಮೂರನೇ ದಿನ ಮ್ಯಾನೇಜರ್ ನನ್ನನ್ನು ಕ್ಯಾಬಿನ್ನಿಗೆ ಕರೆದರು. ಕುರ್ಚಿ ತೋರಿಸಿದರು, ಅಲ್ಲಿಯವರೆಗೆ ಯಾವತ್ತೂ ಕೂರಿಸಿದವರಲ್ಲ. ನನ್ನ ಪ್ರೊಬೇಷನ್ ಮುಗಿಯುತ್ತಾ ಬಂದಿತ್ತು. "ನಿನ್ನ ಕನ್ಫರ್ಮೇಷನ್ ಲೆಟರ್ ಟೈಪ್ ಆಗಿದೆ. ಒಂದು ಸೈನ್ ಬಾಕಿ" ಎಂದು ಹೇಳಿ, ಸ್ವಲ್ಪ ಬಿಟ್ಟು, "ಆಯಮ್ಮನ ಸೀಲ್ ನಿನ್ನ ಹತ್ರ ಇದೆಯಂತಲ್ಲ?" ಎಂದರು.

ಹೊಸ ಕಾರ್ಡು ಬರೆದೆ. ತಾರೀಖನ್ನು ಗೇಜಕ್ಕ ರಜಕ್ಕೆ ಹೋದ ದಿನಕ್ಕಿಂತ ಹಿಂದಕ್ಕೆ ಹಾಕು ಎಂದರು ಮ್ಯಾನೇಜರ್, ಹಾಕಿದೆ. ಏಳನೇ ನಂಬರಿನ ಸೀಲನ್ನು ಇಂಕಿಗೆ ಅದ್ದಿ ಒತ್ತಿದೆ. ಕೆಳಗೆ ನನ್ನ ಸಹಿ. ಕೆಂಪು ಚೀಟಿಗಳನ್ನು ನಾನೇ ಕಿತ್ತೆ. ಲೆಟರಿನ ಆಸೆಗೆ, ಕೆಲಸ ಹೋಗುವ ಭಯಕ್ಕೆ ಹಾಗೆ ಮಾಡಿದೆ ಎಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಸೀಲು ಒತ್ತುವಾಗ ಒಳಗೆಲ್ಲೋ ಖುಷಿಯಾಗಿತ್ತು. ನೋಡುವವಳು ನೀನು, ಆದರೆ ಆಗುವುದು ನಾನು ಹೇಳಿದಂತೆ, ಎಂಬ ಖುಷಿ. ಆ ಇನ್ನರ್ಧವನ್ನು ಬರೆಯುತ್ತಿರುವುದು ಇದೇ ಮೊದಲು.

ರಜ ಮುಗಿಸಿ ಬಂದವರು ಮೊದಲು ಕೇಳಿದ್ದೇ ಅದನ್ನು. "ಆ ಕೆಂಪು ಚೀಟಿ ಲಾಟು ಎಲ್ಲೋಯ್ತಪ್ಪ?"

"ಸ್ಕ್ರ್ಯಾಪಿಗೆ ಹೋಯ್ತಕ್ಕ."

"ಒಳ್ಳೇದಾಯ್ತು ಬುಡು. ನೀನಿದ್ದಿದ್ಕೆ ಆಯ್ತು. ಇಲ್ದಿದ್ರೆ ಆವಪ್ಪ ಕಳ್ಸೇಬುಡೋನು." ಬುತ್ತಿಯ ಡಬ್ಬಿ ತೆಗೆದು ಒಸಗೆಯ ಚಿಗಳಿ ಉಂಡೆ, ತಂಬಿಟ್ಟು ನನ್ನ ಕೈಗೆ ಹಾಕಿದರು. ಅವರು ನನ್ನನ್ನು ಹೊಗಳಿದ್ದು ಅದೊಂದೇ ಸಲ. ಅವರೆದುರೇ ನಿಂತು ಎರಡನ್ನೂ ತಿಂದೆ.

ಏಳೆಂಟು ತಿಂಗಳು ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆ ಪೆಟ್ಟಿಗೆ ಮಾಲು ವಾಪಸು ಬರತೊಡಗಿತು. ಬಿಚ್ಚಿ ನೋಡಿದರೆ ಎಸಳು ಅಗಲವಾದ ಪಿನ್ನುಗಳು, ಕೆಲವು ಸುಟ್ಟು ಕಪ್ಪಾದವು. ಗಿರಾಕಿ ಕಂಪನಿಯಿಂದ ಇಬ್ಬರು ವಿಚಾರಣೆಗೆ ಬಂದರು. ಮಾಲೀಕರು, ಮ್ಯಾನೇಜರ್, ನಾನು, ಕೊನೆಗೆ ಗೇಜಕ್ಕ. ಮೇಜಿನ ಮೇಲೆ ಆ ಲಾಟಿನ ಕಾರ್ಡು.

ಅವರು ಕಾರ್ಡನ್ನು ಕೈಗೆ ತೆಗೆದುಕೊಂಡರು. "ಸೀಲು ನಂದೇ. ನಾನು ಒತ್ತಿಲ್ಲ."

"ಮತ್ತೆ ದೆವ್ವ ಒತ್ತಿತಾ?" ಎಂದರು ಮ್ಯಾನೇಜರ್.

"ಈ ಲಾಟ್‌ನ ನಾನು ಕೆಂಪು ಮಾಡಿದ್ದೆ ಸಾರ್. ಇವ್ರನ್ನ ಕೇಳಿ. ಸ್ಕ್ರ್ಯಾಪಿಗೆ ಹೋಯ್ತು ಅಂತ ಇವ್ರೇ ಹೇಳಿದ್ರು." ನನ್ನನ್ನು ಮೊದಲ ಬಾರಿಗೆ ಬಹುವಚನದಲ್ಲಿ ಕರೆದಿದ್ದರು.

ಎಲ್ಲರೂ ನನ್ನ ಕಡೆ ತಿರುಗಿದರು. ಹೇಳಬೇಕಾದ ಮಾತನ್ನು ಮ್ಯಾನೇಜರ್ ಹಿಂದಿನ ದಿನವೇ ಹೇಳಿಕೊಟ್ಟಿದ್ದರು. ನಾನು ಅದನ್ನು ಬಹಳ ಗೌರವದಿಂದಲೇ ಹೇಳಿದೆ.

"ಅಕ್ಕ, ನೀವು ಕೆಂಪು ಮಾಡಿದ್ದು ಬೇರೆ ಲಾಟು. ಅದು ಸ್ಕ್ರ್ಯಾಪಿಗೆ ಹೋಯ್ತು. ಇದು ಬೇರೆ. ನಿಮಗೆ ಮರೆತಿರಬೇಕು."

ಕೂಗಾಡುತ್ತಾರೆ ಎಂದುಕೊಂಡಿದ್ದೆ. ಕೂಗಾಡಿದ್ದರೆ ಸುಲಭವಾಗುತ್ತಿತ್ತು. ಅವರು ಕಾರ್ಡನ್ನು ಹತ್ತಿರ ಹಿಡಿದು, ಇಂಕಿನ ಗುರುತನ್ನು ಬೆರಳಿಂದ ಸವರಿ, ತಾರೀಖಿನ ಮೇಲೆ ಕಣ್ಣಿಟ್ಟು ಲೆಕ್ಕ ಹಾಕುವವರಂತೆ ತುಟಿ ಅಲ್ಲಾಡಿಸಿದರು. ದಿನಕ್ಕೆ ಸಾವಿರಾರು ಪಿನ್ನು ನೋಡುವ ಹೆಂಗಸು. ಎಂಟು ತಿಂಗಳ ಹಿಂದಿನದು, ಸೀಲು ಅವರ ಸೆರಗಿನಲ್ಲೇ ಇದ್ದ ದಿನದ ತಾರೀಖು. "ಬ್ಯಾರೆ ಲಾಟಾ?" ಎಂದು ನನ್ನನ್ನೇ ಕೇಳಿದರು. ಆ ಪ್ರಶ್ನೆಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು.

"ಹೌದಕ್ಕ" ಅಂದೆ.

ಅವತ್ತೇ ಕೆಲಸದಿಂದ ತೆಗೆದರು. ಹೊರಡುವಾಗ ಮ್ಯಾನೇಜರ್, "ಕತ್ತಲ್ಲಿರೋದು ಕಂಪ್ನಿದು, ಬಿಚ್ಚಿಟ್ಟು ಹೋಗಮ್ಮ" ಅಂದರು. ಗೇಜಿನ ದಾರ ತಾಳಿಯ ದಾರಕ್ಕೆ ಸುತ್ತಿಕೊಂಡು ಗಂಟಾಗಿತ್ತು. ನಿಂತಲ್ಲೇ ತಲೆ ತಗ್ಗಿಸಿ ಬಿಡಿಸಲು ಶುರುಮಾಡಿದರು. ಕುದಿನೀರಿನಲ್ಲಿ ಎಳೆಯ ತುದಿ ಹುಡುಕುತ್ತಿದ್ದ ಬೆರಳುಗಳಿಗೆ ಆ ಗಂಟು ಸಿಗಲಿಲ್ಲ. ಐವರು ಗಂಡಸರು ಸುಮ್ಮನೆ ನೋಡುತ್ತಾ ಕೂತಿದ್ದೆವು. ಕೊನೆಗೆ ಪ್ಲೇಟಿಂಗ್ ಸೆಕ್ಷನ್ನಿನವನನ್ನು ಕರೆದು ಕತ್ತರಿ ತರಿಸಿದರು. ಕತ್ತರಿಸುವಾಗ ತಾಳಿಯ ದಾರ ತುಂಡಾಗದಂತೆ ಅವರು ಅದನ್ನು ಮುಷ್ಟಿಯಲ್ಲಿ ಬಿಗಿ ಹಿಡಿದುಕೊಂಡಿದ್ದರು.

ನನಗೆ ಆ ವರ್ಷ ಬಡ್ತಿ ಸಿಕ್ಕಿತು. ಎರಡು ವರ್ಷಕ್ಕೆ ಅಲ್ಲಿ ಬಿಟ್ಟು ಬಿಡದಿ ಕಡೆ ಬೇರೆ ಕಂಪನಿಗೆ ಹೋದೆ.

ಆಮೇಲೆ ಅವರನ್ನು ನೋಡಿದ್ದು ಒಂದೇ ಸಲ, ಕನಕಪುರ ಬಸ್ ನಿಲ್ದಾಣದಲ್ಲಿ. ನಾನು ನೋಡಿಯೂ ನೋಡದವನಂತೆ ಪೇಪರು ಎತ್ತಿ ಹಿಡಿದೆ. ಅವರೇ ಬಂದರು. ಬಡವಾಗಿದ್ದರು. ಬೈಯಲಿಲ್ಲ. ಪಕ್ಕದಲ್ಲಿ ಕೂತು, "ಚೆನ್ನಾಗಿದ್ದೀಯೇನಪ್ಪ? ಮದ್ವೆ ಆಯ್ತಾ?" ಎಂದೆಲ್ಲ ವಿಚಾರಿಸಿ, ಆಮೇಲೆ ದನಿ ತಗ್ಗಿಸಿ ಕೇಳಿದರು.

"ಒಂದ್ ಮಾತು ಹೇಳಪ್ಪ. ಅದು ಬ್ಯಾರೆ ಲಾಟೇನಾ? ನಾನು ಎಷ್ಟ್ ಯೋಚ್ನೆ ಮಾಡಿದ್ರೂ ನನ್ ಕೈಗೆ ಆ ಪಿನ್ನು ಗ್ಯಪ್ತಿ ಐತೆ. ಕೆಂಪು ಚೀಟಿ ಅಂಟ್ಸಿದ್ದು ಗ್ಯಪ್ತಿ ಐತೆ. ಆದ್ರೆ ಸೀಲು ನಂದೇ ಇತ್ತಲ್ಲ. ನಂಗೆ ಗೊತ್ತಾಯ್ತಾ ಇಲ್ಲ."

ಆ ಹೊತ್ತಿಗೆ ನನಗೆ ಕಳೆದುಕೊಳ್ಳಲು ಏನೂ ಇರಲಿಲ್ಲ. ಮ್ಯಾನೇಜರ್ ಎಲ್ಲಿದ್ದಾರೋ ಗೊತ್ತಿರಲಿಲ್ಲ, ಆ ಕಂಪನಿಯೂ ಕೈ ಬದಲಾಗಿತ್ತು. ಒಂದು ಮಾತು, ಹೌದಕ್ಕ ಅದೇ ಲಾಟು ಎಂಬ ಮೂರು ಶಬ್ದ ಸಾಕಿತ್ತು. ನಾನು, "ಹಳೇ ವಿಷಯ ಬಿಡಿ ಅಕ್ಕ, ಈಗ್ಯಾಕೆ" ಎಂದೆ. ರಾಮನಗರದ ಬಸ್ಸು ಬಂತು. ನಾನು ಹೋಗಬೇಕಾದದ್ದು ಅದರಲ್ಲಲ್ಲ, ಆಮೇಲೆ ಬರುವ ಬಸ್ಸಿನಲ್ಲಿ. ಆದರೂ ಹತ್ತಿಬಿಟ್ಟೆ.

ತಿಥಿಗೆ ಹೋದೆ. ಮನೆಯ ಮುಂದೆ ಶಾಮಿಯಾನ, ಒಂದು ಮೂಲೆಯಲ್ಲಿ ಕುರಿ ಕಟ್ಟುವ ಗೂಟಗಳು. ಗಂಡ ಕಂಬಳಿಯ ಮೇಲೆ ಕೂತಿದ್ದರು. ಮಗಳು ಈಗ ಕನಕಪುರದ ಹತ್ತಿರದ ಹಳ್ಳಿಯಲ್ಲಿ ಅಂಗನವಾಡಿ ಟೀಚರು. ಕಂಪನಿಯಲ್ಲಿ ಜೊತೆಗಿದ್ದವನು, ಈಗ ಬಿಡದಿಯಲ್ಲಿದ್ದೇನೆ ಎಂದು ಹೇಳಿಕೊಂಡೆ. ಹೆಸರು ಕೇಳಲಿಲ್ಲ; ಆದರದಿಂದ ಕೂರಿಸಿದಳು.

"ಅಮ್ಮ ಆಮೇಲೆ ಎಲ್ಲೂ ಕೆಲಸಕ್ಕೆ ಹೋಗ್ಲಿಲ್ಲ ಸಾರ್" ಎಂದಳು. "ಅಲ್ಲೇ ಇನ್ನೊಂದು ಕಂಪ್ನಿಯವ್ರು ಮನೆ ಹತ್ರ ಬಂದು ಕರೆದ್ರು. ನನ್ ಕೈನ ನಾನೇ ನಂಬಕ್ಕಾಗಕ್ಕಿಲ್ಲ, ನಂಗೆ ಮರೆವು ಬಂದೈತೆ ಅಂದ್ಬುಟ್ಲು. ಸಾರಿಗೆ ಉಪ್ಪು ಹಾಕಿದ್ರೂ ಹಾಕ್ದೆನಾ ಅಂತ ಎರಡೆರಡು ಸಲ ಕೇಳೋಳು. ಬಾಗ್ಲು ಹಾಕಿದ್ದೀನಾ ಅಂತ ಮತ್ತೆ ಹೋಗಿ ನೋಡೋಳು. ಡಾಕ್ಟ್ರಿಗೆ ತೋರ್ಸಿದ್ವಿ. ಮರೆವಿನ ಕಾಯಿಲೆ ಏನೂ ಇಲ್ಲಮ್ಮ ಅಂದ್ರು. ಅವ್ರು ಹೇಳಿದ್ದೂ ನಂಬ್ಲಿಲ್ಲ. ಕೊನೇವರ್ಗೂ ನಂದೇ ತಪ್ಪು ಅಂದ್ಕಂಡೇ ಇದ್ಲು."

ಆಗ ನಾನು ಹೇಳಿದೆ. ಲೋಹದ ವಿಷಯ, ಸೀಲಿನ ವಿಷಯ, ತಾರೀಖಿನ ವಿಷಯ, ಬಸ್ ನಿಲ್ದಾಣದ ವಿಷಯ, ಒಂದನ್ನೂ ಬಿಡದೆ ಹೇಳಿದೆ. ನಿಮ್ಮಮ್ಮನ ಕೈ ಒಂದು ದಿನವೂ ತಪ್ಪಿರಲಿಲ್ಲ ಅಂದೆ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಒಳಗೊಳಗೇ ಸಮಾಧಾನವೂ ಆಯಿತು, ಅಷ್ಟರಮಟ್ಟಿಗೆ ನಾನು ಒಳ್ಳೆಯವನು ಎಂಬಂತೆ.

ಕಂಬಳಿಯ ಮೇಲಿದ್ದ ಗಂಡ, "ಬಿಡದಿಯಿಂದ ಇಲ್ಲಿಗೆ ಎಷ್ಟೊತ್ತಿನ ದಾರಿ?" ಎಂದು ಕೇಳಿದರು. ಒಂದು ಗಂಟೆ ಎಂದೆ. "ಒಂದ್ ಗಂಟೆ" ಎಂದು ಅವರು ಮತ್ತೆ ಹೇಳಿಕೊಂಡು ಮುಖ ಆಚೆ ತಿರುಗಿಸಿದರು.

ಮಗಳು ಎದ್ದು ಒಳಗೆ ಹೋದಳು. ಇನ್ನು ಬರುವುದಿಲ್ಲ ಎಂದುಕೊಂಡು ಚಪ್ಪಲಿ ಮೆಟ್ಟಲು ಏಳುತ್ತಿದ್ದೆ. ಚೊಂಬಿನಲ್ಲಿ ನೀರು ಹಿಡಿದು ಬಂದಳು.

"ಕೈ ತೊಳ್ಕಳಿ. ಅಮ್ಮಂಗೆ ಎಡೆ ಇಟ್ಟಾಯ್ತು. ತಿಥಿ ಮನೆಗೆ ಬಂದೋರು ಉಣ್ಣದೆ ಹೋಗಂಗಿಲ್ಲ." ನನ್ನ ಕೈ ಮೇಲೆ ನೀರು ಹಾಕಿದಳು, ಪೂರ್ತಿ, ಚೊಂಬು ಬರಿದಾಗುವವರೆಗೆ. ಆಮೇಲೆ ಅಷ್ಟೇ ಮೆಲ್ಲನೆ ಹೇಳಿದಳು.

"ಉಂಡು ಹೋಗಿ. ಮತ್ತೆ ಬರಬ್ಯಾಡಿ."

ಅವಳೇ ಎಲೆ ಹಾಕಿ ಬಡಿಸಿದಳು. ಎರಡನೇ ಸಲ ಅನ್ನ ಬೇಕೇ ಎಂದೂ ಕೇಳಿದಳು. ತಲೆ ಎತ್ತದೆ ಉಂಡು ಬಂದೆ.